ಸೊಪ್ಪು ಬಸಿದ ನೀರು

ನಮಸ್ಕಾರ. ಹೋದ ವಾರ ಮಲ್ಲೇಶ್ವರದ 8ನೇ ಕ್ರಾಸ್‌ನಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ಪಕ್ಕದಲ್ಲಿ ಜಿಮ್ ಬ್ಯಾಗ್ ಹಾಕಿಕೊಂಡ ಹುಡುಗನೊಬ್ಬ, "ಅಜ್ಜಿ, ಪಾಲಕ್‌ನಲ್ಲಿ ಪ್ರೋಟೀನ್ ಎಷ್ಟಿರುತ್ತೆ?" ಅಂತ ಕೇಳಿದ. ಅಜ್ಜಿ ದಂಟಿನ ಕಟ್ಟಿಗೆ ನೀರು ಚಿಮುಕಿಸುತ್ತಾ, "ಅದೆಲ್ಲ ಗೊತ್ತಿಲ್ಲಪ್ಪ, 3 ಕಟ್ಟು 50" ಅಂದರು.

ಪ್ರೋಟೀನ್ ಲೆಕ್ಕ ಬೇಕಾದರೆ ಸೊಪ್ಪು ಬಡಪಾಯಿ. 100 ಗ್ರಾಂ ಪಾಲಕ್‌ನಲ್ಲಿ ಎರಡು-ಮೂರು ಗ್ರಾಂ ಇದ್ದರೆ ಹೆಚ್ಚು. ಅದರ ಕೈಚಳಕ ಇರುವುದು ನೈಟ್ರೇಟ್ ಅನ್ನುವ ಲವಣದಲ್ಲಿ. ತಿಂದ ನೈಟ್ರೇಟ್ ರಕ್ತ ಸೇರಿ, ಮತ್ತೆ ಎಂಜಲಿಗೇ ಬರುತ್ತದೆ. ನಾಲಿಗೆ ಮೇಲಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಮೈಯೊಳಗೆ ಅದು ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಸಡಿಲಿಸುತ್ತದೆ, ಸ್ನಾಯುವಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ದಿನಾ ಕ್ರಿಮಿನಾಶಕ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸುವವರು ಈ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತಿರುತ್ತಾರೆ, ಪಾಪ.

ಆಸ್ಟ್ರೇಲಿಯಾದ ಎಡಿತ್ ಕೋವನ್ ವಿಶ್ವವಿದ್ಯಾಲಯದವರು 2021ರಲ್ಲಿ 3,759 ಜನರ 12 ವರ್ಷಗಳ ಮಾಹಿತಿ ನೋಡಿದರು. ನೈಟ್ರೇಟ್ ಜಾಸ್ತಿ ತಿನ್ನುತ್ತಿದ್ದವರ ಕಾಲಿನ ಬಲ ಶೇ. 11ರಷ್ಟು ಹೆಚ್ಚು, ನಡಿಗೆಯ ವೇಗ ಶೇ. 4ರವರೆಗೆ ಹೆಚ್ಚು. ಅದಕ್ಕೆ ಬೇಕಾಗಿದ್ದು ದಿನಕ್ಕೆ ಸುಮಾರು ಒಂದು ಕಪ್ ಸೊಪ್ಪು. ಯಾರು ಎಷ್ಟು ವ್ಯಾಯಾಮ ಮಾಡುತ್ತಾರೆ ಅನ್ನುವುದನ್ನು ಲೆಕ್ಕಕ್ಕೆ ಹಿಡಿದರೂ ಈ ವ್ಯತ್ಯಾಸ ಉಳಿದಿತ್ತು. ಹಾಗಂತ ಸೊಪ್ಪೇ ಬಲ ಕೊಟ್ಟಿತು ಅಂತ ಇದರಿಂದ ಪಕ್ಕಾ ಹೇಳಲಾಗದು. ಸೊಪ್ಪು ತಿನ್ನುವವರ ಮಿಕ್ಕ ಅಭ್ಯಾಸಗಳೂ ಚೆನ್ನಾಗಿರಬಹುದು, ಅಲ್ವಾ? ಆದರೂ ನನಗೆ ಇದು ನಂಬುವಂಥ ಮಾತು ಅನ್ನಿಸುತ್ತದೆ.

ಈಗ ನನ್ನ ತಕರಾರು. ನೈಟ್ರೇಟ್ ನೀರಿನಲ್ಲಿ ಕರಗುತ್ತದೆ. ಸೊಪ್ಪು ಬೇಯಿಸಿ ನೀರು ಸಿಂಕಿಗೆ ಸುರಿದರೆ ಅದರಲ್ಲಿ ಒಂದು ಪಾಲು ಮೋರಿ ಪಾಲು. ನಮ್ಮ ಬಸ್ಸಾರು ಮಾಡುವವರನ್ನು ನೋಡಿ: ದಂಟು ಸೊಪ್ಪು, ತೊಗರಿಬೇಳೆ ಒಟ್ಟಿಗೆ ಬೇಯಿಸಿ, ನೀರು ಬಸಿದು, ಆ ನೀರಿಗೇ ಬೆಳ್ಳುಳ್ಳಿ, ಮೆಣಸು, ಕೊಬ್ಬರಿ, ಹುಣಸೆ ರುಬ್ಬಿ ಹಾಕಿ ಕುದಿಸುತ್ತಾರೆ. ಬಸಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಚೆಲ್ಲುವುದು ಏನೂ ಇಲ್ಲ. ಬೇಳೆಯಿಂದ ಆ ಹುಡುಗನಿಗೆ ಬೇಕಾದ ಪ್ರೋಟೀನೂ ಸಿಕ್ಕಿತು. ಪಕ್ಕಕ್ಕೊಂದು ಮುದ್ದೆ ಇದ್ದರೆ ಮುಗೀತು. ಸಾವಿರಾರು ರೂಪಾಯಿಯ ಪ್ರೋಟೀನ್ ಪುಡಿ ಡಬ್ಬಿ ಕೊಳ್ಳುವವರು ಇದನ್ನು 'ಹಳ್ಳಿ ಊಟ' ಅಂತ ಪಕ್ಕಕ್ಕಿಡುವುದು ನನಗೆ ಅರ್ಥವೇ ಆಗುವುದಿಲ್ಲ.

ಒಂದು ಎಚ್ಚರಿಕೆ: ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಸೊಪ್ಪು ದಿಢೀರ್ ಜಾಸ್ತಿ ಮಾಡಬೇಡಿ.

ಆ ಹುಡುಗ ಕೊನೆಗೆ ದಂಟು ಮುಟ್ಟಲಿಲ್ಲ. ಪಾಲಕ್ 3 ಕಟ್ಟು ತೆಗೆದುಕೊಂಡ. ಸ್ಮೂದಿ ಮಾಡುತ್ತಾನಂತೆ. ದಂಟು ನಾನು ತಂದೆ.