ಕೂದಲೆಳೆ ಅಂತರ: ಹಾಲಿ ಶಾಸಕರ ಕುರ್ಚಿ ಅಲುಗಾಡುವುದು ಎಲ್ಲಿಂದ?

ಎಲ್ಲರಿಗೂ ನಮಸ್ಕಾರ.

2023ರ ಮೇ 13, ಶನಿವಾರ. ಕರ್ನಾಟಕ ವಿಧಾನಸಭೆಯ ಮತ ಎಣಿಕೆ. ಸರ್ಕಾರ ಯಾರದು ಅಂತ ಮಧ್ಯಾಹ್ನದ ಹೊತ್ತಿಗೇ ಗೊತ್ತಾಗಿತ್ತು. ಆದರೆ ಬೆಂಗಳೂರಿನ ಜಯನಗರದ ಎಣಿಕೆ ಕೇಂದ್ರದಲ್ಲಿ ರಾತ್ರಿಯಾದರೂ ಯಾರೂ ಮನೆಗೆ ಹೋಗಿರಲಿಲ್ಲ. ಮೊದಲು ಹಾಲಿ ಶಾಸಕಿ, ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಮುಂದಿದ್ದರು. ಆಮೇಲೆ ತಿರಸ್ಕೃತವಾಗಿದ್ದ ಅಂಚೆ ಮತಗಳ ಬಗ್ಗೆ ತಕರಾರು ಎದ್ದಿತು. ಮತ್ತೆ ಪರಿಶೀಲನೆ, ಮತ್ತೆ ಎಣಿಕೆ. ಕೊನೆಗೆ ಘೋಷಣೆಯಾದ ಲೆಕ್ಕ ಹೀಗಿತ್ತು: ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797, ಸೌಮ್ಯಾ ರೆಡ್ಡಿ 57,781. ಅಂತರ 16 ಮತ.

ಪಕ್ಷಕ್ಕೆ 135 ಸ್ಥಾನ ಬಂದ ಚುನಾವಣೆಯಲ್ಲಿ ಅದೇ ಪಕ್ಷದ ಹಾಲಿ ಶಾಸಕಿ ಸೋತರು. ಇದನ್ನು ಸುಮ್ನೆ ದುರದೃಷ್ಟ ಅಂತ ಬಿಟ್ಟುಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಇದೇ ಸೌಮ್ಯಾ ರೆಡ್ಡಿ 2018ರಲ್ಲಿ ಮೊದಲ ಸಲ ಗೆದ್ದಾಗ ಅಂತರ ಇದ್ದದ್ದು 2,889. ಅಂದರೆ ಕುರ್ಚಿ ಮೊದಲ ದಿನದಿಂದಲೂ ಅಲುಗಾಡುತ್ತಲೇ ಇತ್ತು. ಕಡಿಮೆ ಅಂತರದ ಗೆಲುವು ಜನ ಕೊಟ್ಟ ನೋಟಿಸ್ ಇದ್ದ ಹಾಗೆ. ಅದನ್ನು ಓದುವುದು ಹೇಗೆ ಅನ್ನುವುದೇ ನನ್ನ ಇವತ್ತಿನ ಮಾತು.

16 ಮತ ಅಂದರೆ ಎಷ್ಟು ಕಡಿಮೆ, ಸ್ವಲ್ಪ ಲೆಕ್ಕ ಹಾಕೋಣ. ಆ ಚುನಾವಣೆಯಲ್ಲಿ ರಾಜ್ಯದ 224 ಕ್ಷೇತ್ರಗಳಿಗೆ 58 ಸಾವಿರಕ್ಕೂ ಜಾಸ್ತಿ ಮತಗಟ್ಟೆಗಳಿದ್ದವು. ಒಂದು ಕ್ಷೇತ್ರಕ್ಕೆ ಸರಾಸರಿ 260. ಇಷ್ಟು ಮತಗಟ್ಟೆಗಳ ಪೈಕಿ ಎಲ್ಲೋ ಒಂಬತ್ತು ಜನ ಮನಸ್ಸು ಬದಲಾಯಿಸಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಒಬ್ಬರ ಮತ ಆ ಕಡೆಯಿಂದ ಈ ಕಡೆ ಬಂದರೆ ಅಂತರ ಎರಡು ಕಡಿಮೆಯಾಗುತ್ತದಲ್ವಾ, ಅದಕ್ಕೇ ಒಂಬತ್ತು ಸಾಕು. ಇನ್ನೊಂದು ವಿಷಯ. ಕಣದಲ್ಲಿ ಹೆಚ್ಚುಕಡಿಮೆ ಸೌಮ್ಯಾ ರೆಡ್ಡಿ ಅವರದೇ ಹೆಸರಿನ ಪಕ್ಷೇತರ ಅಭ್ಯರ್ಥಿಯೊಬ್ಬರಿದ್ದರು. ಅವರಿಗೆ 320 ಮತ ಬಿತ್ತು. ಸ್ಪರ್ಧಿಸುವುದು ಯಾರದೇ ಆದರೂ ಹಕ್ಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೆಸರು ನೋಡಿ ಮತದಾರರು ಗಲಿಬಿಲಿಯಾಗುತ್ತಾರೆ ಅಂತಲೇ 2015ರಿಂದ ಮತಯಂತ್ರದಲ್ಲಿ ಅಭ್ಯರ್ಥಿಯ ಫೋಟೊ ಹಾಕುತ್ತಿದ್ದಾರೆ.

ಈಗ ಅಂಚೆ ಮತದ ವಿಷಯಕ್ಕೆ ಬರೋಣ. ಇದನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಅಂಚೆ ಮತದಲ್ಲಿ ಎರಡು ಲಕೋಟೆ. ಒಳಗಿನದರಲ್ಲಿ ಮತಪತ್ರ. ಅದರ ಜೊತೆಗೆ ಮತದಾರರ ಘೋಷಣಾ ಪತ್ರ. ಎರಡನ್ನೂ ಸೇರಿಸಿ ಹೊರಗಿನ ಲಕೋಟೆಗೆ ಹಾಕಿ ಅಂಟಿಸಬೇಕು. ಎಣಿಸುವವರು ಮೊದಲು ನೋಡುವುದು ಘೋಷಣಾ ಪತ್ರವನ್ನು. ಸಹಿ ಇಲ್ಲ, ದೃಢೀಕರಣ ಇಲ್ಲ ಅಂದರೆ ಒಳಗಿನ ಲಕೋಟೆ ತೆರೆಯುವುದೇ ಇಲ್ಲ. ಮತ ಯಾರಿಗೆ ಬಿತ್ತು ಅಂತ ಯಾರಿಗೂ ಗೊತ್ತಾಗದೆ ಪಕ್ಕಕ್ಕೆ ಹೋಗುತ್ತದೆ. ಗೆಲುವಿನ ಅಂತರ ಹೀಗೆ ತಿರಸ್ಕೃತವಾದ ಅಂಚೆ ಮತಗಳಿಗಿಂತ ಕಡಿಮೆ ಇದ್ದರೆ, ಫಲಿತಾಂಶ ಘೋಷಿಸುವ ಮೊದಲು ಅವೆಲ್ಲವನ್ನೂ ಚುನಾವಣಾಧಿಕಾರಿ ಮತ್ತೆ ಪರಿಶೀಲಿಸಲೇಬೇಕು ಅಂತ ಆಯೋಗದ ಸೂಚನೆಯೇ ಇದೆ. 2023ರಲ್ಲಿ 80 ದಾಟಿದವರಿಗೆ, ಅಂಗವಿಕಲರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಕೊಟ್ಟರು. ಅವೂ ಅಂಚೆ ಮತಗಳೇ. ಹಾಗಾಗಿ ಈ ಲಕೋಟೆಗಳ ತೂಕ ಇನ್ನೂ ಜಾಸ್ತಿಯಾಗಿದೆ.

ಅದೇ ದಿನ ಗಾಂಧಿನಗರದಲ್ಲಿ ಕಾಂಗ್ರೆಸ್‌ನದೇ ದಿನೇಶ್ ಗುಂಡೂರಾವ್ 105 ಮತದಿಂದ ಉಳಿದುಕೊಂಡರು. 1999ರಿಂದ ಸತತವಾಗಿ ಗೆದ್ದುಕೊಂಡು ಬಂದವರು ಅವರು. ಮಾಲೂರಿನಲ್ಲಿ ಹಾಲಿ ಶಾಸಕ ನಂಜೇಗೌಡರ ಅಂತರ 248. ಶೃಂಗೇರಿಯದು ಇನ್ನೂ ಕುತೂಹಲದ ಕಥೆ. 2018ರಲ್ಲಿ ಅಲ್ಲಿ ಹಾಲಿ ಶಾಸಕ ಜೀವರಾಜ್ ಅವರನ್ನು ಟಿ.ಡಿ. ರಾಜೇಗೌಡ 1,989 ಮತದಿಂದ ಸೋಲಿಸಿದ್ದರು. ಐದು ವರ್ಷ ಬಿಟ್ಟು ಅದೇ ಇಬ್ಬರು, ಅದೇ ಕಣ. ಈ ಸಲ ಹಾಲಿ ಶಾಸಕರು ರಾಜೇಗೌಡ. ಅಂತರ 201ಕ್ಕೆ ಇಳಿಯಿತು. ಇಡೀ ರಾಜ್ಯದಲ್ಲಿ ತಮ್ಮ ಪಕ್ಷದ ಅಲೆ ಇದ್ದಾಗಲೂ ಇವರೆಲ್ಲ ಕಷ್ಟಪಟ್ಟು ದಡ ಸೇರಿದರು. ರಾಜ್ಯದ ಅಲೆ ಎಲ್ಲರ ಮನೆ ಬಾಗಿಲಿಗೂ ಬರುವುದಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ?

ಇಂಥ ಕ್ಷೇತ್ರಗಳಲ್ಲಿ ಎಲ್ಲರೂ ಗೆದ್ದವರನ್ನು ನೋಡುತ್ತಾರೆ. ನಾನು ಹೇಳುವುದು, ಸೋತವರನ್ನು ನೋಡಿ. ಕೂದಲೆಳೆ ಅಂತರದಲ್ಲಿ ಸೋತವರ ಹಿಂದೆ ಹೆಚ್ಚುಕಡಿಮೆ ಅರ್ಧ ಕ್ಷೇತ್ರ ಇರುತ್ತದೆ. ಆ ಅರ್ಧ ಮುಂದೆ ಯಾವ ಕಡೆ ಹೋಗುತ್ತದೆ ಅನ್ನುವುದರ ಮೇಲೆ ಹಾಲಿ ಶಾಸಕರ ಗತಿ ನಿಂತಿರುತ್ತದೆ.

ರಾಯಚೂರು ಜಿಲ್ಲೆಯ ಮಸ್ಕಿಯನ್ನು ನೋಡಿ. 2018ರಲ್ಲಿ ಕಾಂಗ್ರೆಸ್‌ನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳ ಅವರನ್ನು 213 ಮತದಿಂದ ಸೋಲಿಸಿದರು. ತುರ್ವಿಹಾಳ ಹೈಕೋರ್ಟಿಗೆ ಹೋದರು. 2019ರಲ್ಲಿ ಪಾಟೀಲರು ರಾಜೀನಾಮೆ ಕೊಟ್ಟು ಬಿಜೆಪಿ ಕಡೆ ಬಂದರು. ಕೋರ್ಟಿನ ಕೇಸಿನಿಂದಾಗಿ ಉಪಚುನಾವಣೆ ತಡವಾಗಿ, 2021ರ ಏಪ್ರಿಲ್‌ನಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ತುರ್ವಿಹಾಳ ಕಾಂಗ್ರೆಸ್ ಸೇರಿದ್ದರು. ಅಭ್ಯರ್ಥಿಗಳು ಅವರೇ, ಚಿಹ್ನೆ ಅದಲು ಬದಲು. ರಾಜ್ಯದಲ್ಲಿ ಬಿಜೆಪಿಯದೇ ಸರ್ಕಾರ. ಆದರೂ ತುರ್ವಿಹಾಳ ಗೆದ್ದದ್ದು 30,606 ಮತದ ಅಂತರದಲ್ಲಿ. 213 ಮತದಿಂದ ಗೆಲ್ಲಿಸಿದ ಜನ ತಮ್ಮನ್ನು ಕೇಳದೆ ಪಕ್ಷ ಬಿಟ್ಟದ್ದನ್ನು ಒಪ್ಪಲಿಲ್ಲ. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಹಾಗಂತ ಪಕ್ಷ ಬಿಟ್ಟವರೆಲ್ಲ ಸೋಲುತ್ತಾರೆ ಅಂತಲೂ ಅಲ್ಲ. ಹಿರೇಕೆರೂರಿನಲ್ಲಿ 2018ರಲ್ಲಿ ಹಾಲಿ ಶಾಸಕರಾಗಿದ್ದ ಯು.ಬಿ. ಬಣಕಾರ್ ಕೇವಲ 555 ಮತದಿಂದ ಸೋತರು. ಗೆದ್ದ ಬಿ.ಸಿ. ಪಾಟೀಲರು ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಬಂದರು. ಬಣಕಾರ್ ಆಗ ಬಿಜೆಪಿಯಲ್ಲೇ ಉಳಿದರು. 2019ರ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಪಾಟೀಲರು 29 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. 2023ರ ಹೊತ್ತಿಗೆ ಬಣಕಾರ್ ಕಾಂಗ್ರೆಸ್ ಸೇರಿ ಕಣಕ್ಕಿಳಿದರು, ಕೃಷಿ ಸಚಿವರಾಗಿದ್ದ ಪಾಟೀಲರು ಸೋತರು. ಮಸ್ಕಿಗೂ ಹಿರೇಕೆರೂರಿಗೂ ಇದ್ದ ವ್ಯತ್ಯಾಸ ಇಷ್ಟೇ: ಅಲ್ಪ ಅಂತರದಲ್ಲಿ ಸೋತವರು ಎಲ್ಲಿ ನಿಂತಿದ್ದರು ಅನ್ನುವುದು.

ಅಂತರ ಇದಕ್ಕಿಂತಲೂ ಕಡಿಮೆಯಾದದ್ದಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752 ಮತ ಪಡೆದರು, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಒಂದು ಮತ. ಅದೇ ಧ್ರುವನಾರಾಯಣ ಮುಂದೆ ಎರಡು ಸಲ ಚಾಮರಾಜನಗರದ ಸಂಸದರಾದರು. 2019ರಲ್ಲಿ ಹಾಲಿ ಸಂಸದರಾಗಿ 1,817 ಮತದಿಂದ ಸೋತರು. ಲೋಕಸಭಾ ಕ್ಷೇತ್ರದ ಲೆಕ್ಕದಲ್ಲಿ ಅದು ಏನೇನೂ ಅಲ್ಲ.

ಮತ ಸರಿಸಮ ಬಂದರೆ? ನಮ್ಮ 1951ರ ಜನಪ್ರತಿನಿಧಿ ಕಾಯ್ದೆಯ 65ನೇ ಕಲಂ ಪ್ರಕಾರ ಚೀಟಿ ಎತ್ತಬೇಕು. ಚೀಟಿ ಯಾರಿಗೆ ಬರುತ್ತದೋ ಅವರಿಗೆ ಒಂದು ಮತ ಜಾಸ್ತಿ ಬಂದಂತೆ ಲೆಕ್ಕ. ಅಮೆರಿಕದ ವರ್ಜೀನಿಯಾದಲ್ಲಿ ಹೀಗೇ ಆಯಿತು. 2017ರ ನವೆಂಬರ್ ಚುನಾವಣೆಯಲ್ಲಿ ಹಾಲಿ ಶಾಸಕ ಡೇವಿಡ್ ಯಾನ್ಸಿ ಮೊದಲು 10 ಮತದಿಂದ ಮುಂದಿದ್ದರು. ಮರು ಎಣಿಕೆಯಲ್ಲಿ ಎದುರಾಳಿ ಶೆಲ್ಲಿ ಸೈಮಂಡ್ಸ್ ಒಂದು ಮತದಿಂದ ಮುಂದೆ ಬಂದರು. ಆಮೇಲೆ ಒಂದು ಮತಪತ್ರದ ಬಗ್ಗೆ ಜಗಳ. ಮತದಾರರು ಇಬ್ಬರ ಗುರುತನ್ನೂ ತುಂಬಿ, ಸೈಮಂಡ್ಸ್ ಹೆಸರಿನ ಮುಂದಿನ ಗುರುತಿನ ಮೇಲೆ ಒಂದು ಗೆರೆ ಎಳೆದಿದ್ದರು. ಮೂವರು ನ್ಯಾಯಾಧೀಶರು ಅದನ್ನು ಯಾನ್ಸಿ ಲೆಕ್ಕಕ್ಕೆ ಸೇರಿಸಿದರು. ಇಬ್ಬರಿಗೂ 11,608. 2018ರ ಜನವರಿ 4ರಂದು ಬಟ್ಟಲಿನಿಂದ ಚೀಟಿ ಎತ್ತಿದರು, ಯಾನ್ಸಿ ಗೆದ್ದರು. ಸದನದಲ್ಲಿ ಅವರ ಪಕ್ಷ 51, ಎದುರು ಪಕ್ಷ 49. ಆ ಚೀಟಿಯೇ ಬಹುಮತ ಕೊಟ್ಟಿತು. ಎರಡು ವರ್ಷಕ್ಕೆ ಅದೇ ಸೈಮಂಡ್ಸ್ ಯಾನ್ಸಿಯನ್ನು ಚುನಾವಣೆಯಲ್ಲೇ ಸೋಲಿಸಿದರು. ಅಲ್ಲೂ ಅಷ್ಟೇ ನೋಡಿ, ಸೋತವರು ಕಣ ಬಿಟ್ಟಿರಲಿಲ್ಲ.

ಹಾಲಿ ಶಾಸಕರ ನಿಜವಾದ ಸ್ಥಿತಿ ತಿಳಿಯಲು ಸಮೀಕ್ಷೆಗಳೇ ಬೇಕಾಗಿಲ್ಲ. ನಮೂನೆ 20 ಅಂತ ಒಂದು ದಾಖಲೆ ಇದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಅಂತ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಎರಡು ಚುನಾವಣೆಗಳ ನಮೂನೆ 20 ಪಕ್ಕಪಕ್ಕ ಇಟ್ಟುಕೊಳ್ಳಿ. ಮತಗಟ್ಟೆಗಳ ಸಂಖ್ಯೆ ಬದಲಾಗಿರುತ್ತದೆ, ಆದ್ದರಿಂದ ಶಾಲೆಯ ಹೆಸರು, ಊರಿನ ಹೆಸರು ನೋಡಿ ಹೊಂದಿಸಿ. ಶಾಸಕರಿಗೆ ಕಳೆದ ಸಲ ಲೀಡ್ ಕೊಟ್ಟ ಮತಗಟ್ಟೆಗಳಲ್ಲಿ ಎಷ್ಟು ಕೈಬಿಟ್ಟಿವೆ ಅಂತ ಗುರುತು ಹಾಕಿ. ಆಮೇಲೆ ಆ ಊರುಗಳಿಗೇ ಹೋಗಿ ಕೇಳಿ: ಶಾಸಕರು ಕೈಗೆ ಸಿಗುತ್ತಾರಾ, ಅನುದಾನ ಬಂತಾ, ಹೋದ ಸಲ ಅವರಿಗೆ ಕೆಲಸ ಮಾಡಿದ ಹುಡುಗರು ಈಗ ಯಾರ ಜೊತೆ ಇದ್ದಾರೆ? ಈ ಕೆಲಸವನ್ನು ಪಕ್ಷದವರಷ್ಟೇ ಯಾಕೆ ಮಾಡಬೇಕು? ಮತ ಹಾಕುವ ನಾವೂ ಮಾಡಬಹುದು. ನಿಮ್ಮಲ್ಲಿ ಯಾರಾದರೂ ನಿಮ್ಮ ಕ್ಷೇತ್ರದ ಪಟ್ಟಿ ಹುಡುಕಿ ತಂದರೆ, ನಾವು ಒಟ್ಟಿಗೆ ಕೂತು ಓದೋಣ.