ಯಾವ ತೋಳಿಗೆ ಸೂಜಿ?

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ತೊಗರಿ ಕೊಯ್ಯುವಾಗ ನಮ್ಮ ವೈನಿಯ ಬೆರಳಿಗೆ ಕುಡಗೋಲು ತಾಗಿತು. ಕಲಬುರಗಿಯ ಒಂದು ಖಾಸಗಿ ದವಾಖಾನೆಗೆ ಹೋಗಿ ಟಿಟಿ ಸೂಜಿ, ಅಂದರೆ ಧನುರ್ವಾಯುವಿನ ಲಸಿಕೆ, ಹಾಕಿಸಿದೆವು. ಬೆರಳು ವಾರದಲ್ಲಿ ಮಾಯಿತು. ಆದರೆ ಸೂಜಿ ಬಿದ್ದ ಬಲ ಭುಜ ಅವತ್ತು ರಾತ್ರಿಯೇ ನೋಯತೊಡಗಿತ್ತು. "ಸೂಜಿ ಅಂದ್ರ ನೋಯ್ತದ ತಗೋರಿ" ಅಂತ ನಾವೇ ಹಗುರ ಮಾಡಿದೆವು. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿ ತಟ್ಟಲು ಕೂತರೆ ತೋಳು ಏಳಲೇ ಇಲ್ಲ.

ಒಂದೆರಡು ದಿನದ ನೋವು ಎಲ್ಲರಿಗೂ ಬರುತ್ತದೆ. ಇದು ಬೇರೆ. ಸೂಜಿಯನ್ನು ಭುಜದ ಮೂಳೆಯ ತುದಿಯಿಂದ ಎರಡು ಮೂರು ಬೆರಳು ಕೆಳಗೆ ಹಾಕಬೇಕು. ತೀರಾ ಮೇಲೆ ಹಾಕಿದರೆ ಮದ್ದು ಸ್ನಾಯು ಬಿಟ್ಟು ಕೀಲಿನ ಹತ್ತಿರ ಸೇರಿ ಬಾವು ಬರಬಹುದು. ಅಂಗಿಯ ಕೊರಳು ಜಗ್ಗಿ ಸೂಜಿ ಹಾಕಿದರೆ ಹೀಗಾಗುವುದು ಜಾಸ್ತಿ. ತೋಳನ್ನು ಪೂರಾ ತೆರೆದು ಕೂಡಿ. ಲಸಿಕೆಯನ್ನು ಬೈಯಬೇಡಿ, ತಪ್ಪಿದ್ದು ಜಾಗ.

ಲಸಿಕೆಯಿಂದ ತೊಂದರೆಯಾದವರಿಗೆ ಅಮೆರಿಕದಲ್ಲಿ 1986ರ ಕಾನೂನಿನಿಂದ ಬಂದ ಪರಿಹಾರ ನಿಧಿ ಇದೆ. ಲಸಿಕೆಯ ಮೇಲಿನ ತೆರಿಗೆಯಿಂದ ಅದು ತುಂಬುತ್ತದೆ. 2017ರಲ್ಲಿ ಈ ಭುಜದ ಗಾಯವನ್ನೂ ಅದರ ಪಟ್ಟಿಗೆ ಸೇರಿಸಿದರು. ನೋವು 48 ಗಂಟೆಯೊಳಗೆ ಶುರುವಾಗಿರಬೇಕು, ಸಾಮಾನ್ಯವಾಗಿ 6 ತಿಂಗಳು ದಾಟಿರಬೇಕು. ಯಾರ ತಪ್ಪು ಅಂತ ತೋರಿಸಬೇಕಾಗಿಲ್ಲ.

ನಾವು ಇಲ್ಲಿ ಹಿಡಿದದ್ದು ಗ್ರಾಹಕ ಆಯೋಗದ ದಾರಿ, ಅದರಲ್ಲಿ ತಪ್ಪು ತೋರಿಸಲೇಬೇಕು. ದುಡ್ಡು ಕೊಟ್ಟು ಹಾಕಿಸಿದ್ದರೆ 2019ರ ಗ್ರಾಹಕ ಕಾನೂನಿನಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಒಂದು ಸೂಜಿಗೆ ಅಷ್ಟು ಯಾರು ಕೊಡುತ್ತಾರೆ, ಅಲ್ವಾ? ಎಲ್ಲರಿಗೂ ಪುಕ್ಕಟೆ ಹಾಕುವ ಸರ್ಕಾರಿ ದವಾಖಾನೆಯಾದರೆ, ಸುಪ್ರೀಂ ಕೋರ್ಟಿನ 1995ರ ತೀರ್ಪಿನಂತೆ, ಗ್ರಾಹಕ ಆಯೋಗ ನಡೆಯುವುದಿಲ್ಲ. ಸಿವಿಲ್ ಕೋರ್ಟಿಗೆ ಹೋಗಬೇಕು.

ನಾವು ಸಿಕ್ಕಿಬಿದ್ದದ್ದು ಚೀಟಿಯಲ್ಲಿ. ದವಾಖಾನೆಯ ಚೀಟಿಯಲ್ಲಿ ತಾರೀಖಿದೆ, ಯಾವ ತೋಳು ಅಂತ ಇಲ್ಲ. ಭುಜದ ನೋವು ಅಂತ ಬರೆದ ಮೊದಲ ಚೀಟಿ ಸೂಜಿ ಹಾಕಿಸಿ ಎರಡು ತಿಂಗಳಾದ ಮೇಲಿನದು. ಮೇಲೆ ವೈನಿಗೆ ಸಕ್ಕರೆ ಕಾಯಿಲೆ. ಅದಿದ್ದವರಿಗೆ ಭುಜ ತಾನಾಗಿಯೂ ಬಿಗಿಯುತ್ತದೆ. ಎದುರಿನ ವಕೀಲರು ಅದನ್ನೇ ಹಿಡಿದಿದ್ದಾರೆ. ಎರಡನೆಯ ದಿನವೇ ಡಾಕ್ಟರ ಹತ್ತಿರ ಹೋಗಿ, "ಬಲ ಭುಜ, ಸೂಜಿ ಹಾಕಿದ ರಾತ್ರಿಯಿಂದ ನೋವು" ಅಂತ ಬರೆಸಿದ್ದರೆ ಅನುಕೂಲವಾಗುತ್ತಿತ್ತು.

ನಮಗೆ ವಕೀಲರು ಸಿಕ್ಕಿದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ, ಪುಕ್ಕಟೆ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಎಷ್ಟು ಅಂತ ನೋಡುವುದಿಲ್ಲ. ಮುಂದಿನ ತಾರೀಖಿಗೆ ಎಂಆರ್‌ಐ ವರದಿ ಮತ್ತು ಮೂಳೆ ಡಾಕ್ಟರ ಅಭಿಪ್ರಾಯ ತರಲು ಹೇಳಿದ್ದಾರೆ. ವೈನಿ ಎಲ್ಲ ಕಾಗದವನ್ನೂ ಸೀರೆ ಅಂಗಡಿಯ ಒಂದು ಚೀಲದಲ್ಲಿ ಇಟ್ಟುಕೊಂಡಿದ್ದಾರೆ, ಫಿಜಿಯೊಥೆರಪಿಗೆ ಹೋದ ಆಟೊದ ಲೆಕ್ಕವನ್ನೂ ಬಿಡದೆ.

ನಮಸ್ಕಾರ.