ಜೋಡಿ ಸರಿ ಬಿತ್ತಾ?

ಕೇಳುಗರೇ, ನಮಸ್ಕಾರ.

ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ದಿನ ಅಂತ ಒಂದಿರುತ್ತದೆ. ಊರೂರಿನ ಗರಡಿಗಳಿಂದ ಪೈಲ್ವಾನರು ಬಂದು ಸೇರುತ್ತಾರೆ. ಯಾರ ಎದುರು ಯಾರು ಅನ್ನುವುದನ್ನು ಹಿರಿಯರು ಅಲ್ಲೇ ನಿಂತು ತೀರ್ಮಾನ ಮಾಡುತ್ತಾರೆ. ವಯಸ್ಸು ಎಷ್ಟು, ತೂಕ ಎಷ್ಟು, ಹಿಂದೆ ಯಾರನ್ನು ಕೆಡವಿದ್ದಾನೆ, ಎಲ್ಲಾ ನೋಡಿ ಇಬ್ಬರ ಕೈ ಕೂಡಿಸುತ್ತಾರೆ. ನಮ್ಮ ದೊಡ್ಡಪ್ಪನಿಗೆ ಕುಸ್ತಿಗಿಂತ ಇದರ ಮೇಲೇ ಕಣ್ಣು ಜಾಸ್ತಿ. ಜೋಡಿ ತಪ್ಪಿದರೆ ಎರಡೇ ನಿಮಿಷದ ಆಟ, ಆಮೇಲೆ ಕಡ್ಲೇಕಾಯಿ ತಿಂದ್ಕೊಂಡು ಮನೆಗೆ ಹೋಗೋದಷ್ಟೇ ಅನ್ನುತ್ತಿದ್ದರು.

ಅವರು ಸಿನಿಮಾ ನೋಡುತ್ತಿದ್ದದ್ದೂ ಹೀಗೇ. ಟಾಕೀಸಿನಿಂದ ಹೊರಗೆ ಬಂದರೆ ಹಾಡಿನ ಬಗ್ಗೆ, ಕತೆ ಬಗ್ಗೆ ಒಂದು ಮಾತಿಲ್ಲ. 'ಜೋಡಿ ಸರಿ ಬಿತ್ತು ಕಣೋ', ಇಲ್ಲಾಂದ್ರೆ 'ಜೋಡಿ ಬೀಳಲಿಲ್ಲ'. ನಾವು ಹುಡುಗರು ಹೀರೋ ಹೀರೋಯಿನ್ ಬಗ್ಗೆ ಹೇಳುತ್ತಿದ್ದಾರೆ ಅಂತಲೇ ಬಹಳ ದಿನ ಅಂದುಕೊಂಡಿದ್ದೆವು. ಅವರು ಹೇಳುತ್ತಿದ್ದದ್ದು ಹೀರೋ ವಿಲನ್ ಬಗ್ಗೆ!

ಒಂದು ವ್ಯತ್ಯಾಸ ಇದೆ. ಗರಡಿಯಲ್ಲಿ ತೂಕ ಸಮಸಮ ಇರಬೇಕು. ಸಿನಿಮಾದಲ್ಲಿ ಮಾತ್ರ ವಿಲನ್ ಕಡೆಯ ತಕ್ಕಡಿ ಒಂದು ತೂಕ ಕೆಳಗೇ ಜಗ್ಗಬೇಕು. ಹೀರೋ ಗೆಲ್ಲುತ್ತಾನೆ ಅನ್ನುವುದು ಟಿಕೆಟ್ ತಗೊಳ್ಳುವಾಗಲೇ ಎಲ್ಲರಿಗೂ ಗೊತ್ತು, ಅಲ್ವಾ? ಗೊತ್ತಿದ್ದೂ 'ಅಯ್ಯೋ, ಇವನನ್ನ ಹೆಂಗಪ್ಪಾ ಗೆಲ್ತಾನೆ' ಅಂತ ಅನ್ನಿಸಬೇಕು. ಅದು ಹೀರೋ ಕೈಲಿಲ್ಲ. ವಿಲನ್ ಕೈಲಿದೆ.

ವಜ್ರಮುನಿಯವರನ್ನೇ ನೋಡಿ. ಅವರ ತೂಕ ತೋಳಲ್ಲಿ ಇರಲಿಲ್ಲ, ಗಂಟಲಲ್ಲಿ ಇತ್ತು. ರಂಗದ ಮೇಲೆ ರಾವಣನ ಪಾತ್ರ ಮಾಡಿ ಬಂದವರು. ಎದುರಿಗೆ ನಿಂತ ರಾಜ್‌ಕುಮಾರ್ ಕೂಡ ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಕೊನೆಯ ಸಾಲಿನಲ್ಲಿ ಕೂತವನಿಗೂ ಮಾತು ಕೇಳಿಸುವ ಹಾಗೆ ಹೇಳಿ ಅಭ್ಯಾಸ ಇದ್ದ ಗಂಟಲುಗಳು ಇವು. 1975ರ 'ಮಯೂರ'ದಲ್ಲಿ ಇಬ್ಬರೂ ಇದ್ದಾರೆ. ಕತ್ತಿ ಒರೆಯಿಂದ ಹೊರಗೆ ಬರುವ ಮುಂಚೆಯೇ ಅರ್ಧ ಯುದ್ಧ ಮಾತಿನಲ್ಲೇ ಮುಗಿದಿರುತ್ತದೆ. 'ಎಲಾ ಕುನ್ನೀ' ಅನ್ನುವ ಎರಡು ಮಾತನ್ನು ಇವತ್ತಿಗೂ ಮಕ್ಕಳು ಅನುಕರಣೆ ಮಾಡುತ್ತಾರೆ. ಅವರಲ್ಲಿ ಎಷ್ಟೋ ಮಕ್ಕಳು ವಜ್ರಮುನಿ ಸಿನಿಮಾ ಒಂದನ್ನೂ ನೋಡಿರಲಿಕ್ಕಿಲ್ಲ.

ಇದು ರೇಡಿಯೋ ಆದ್ದರಿಂದ ಇನ್ನೊಂದು ಶಬ್ದದ ವಿಷಯ. ಯಕ್ಷಗಾನದಲ್ಲಿ ಬಣ್ಣದ ವೇಷ ಹೇಗೆ ಬರುತ್ತದೆ? ಗಂಟೆಗಟ್ಟಲೆ ಕೂತು ಮುಖಕ್ಕೆ ಚುಟ್ಟಿ ಇಟ್ಟ ರಾಕ್ಷಸ ಸುಮ್ನೆ ನಡೆದು ಬಂದುಬಿಡುವುದಿಲ್ಲ. ಮೊದಲು ಆರ್ಭಟ, ಆಮೇಲೆ ಮುಖ. 1975ರಲ್ಲೇ ಬಂದ 'ಶೋಲೆ'ಯಲ್ಲೂ ಅದೇ ಲೆಕ್ಕ. ನಮ್ಮ ರಾಮನಗರದ ಬಂಡೆಗಳ ಮೇಲೆ ಗಬ್ಬರ್‌ನ ಬೂಟಿನ ಸದ್ದು, ಬೆಲ್ಟ್ ಎಳೆದಾಡುವ ಸದ್ದು ಮೊದಲು ಬರುತ್ತದೆ, ಅಮ್ಜದ್ ಖಾನ್ ಮುಖ ಆಮೇಲೆ. ಅಷ್ಟರಲ್ಲಿ ನಮ್ಮ ಹೊಟ್ಟೆಯೊಳಗೆ ಏನೋ ಒಂಥರಾ ಶುರುವಾಗಿರುತ್ತದೆ.

ಇವೆಲ್ಲಾ ಹೆದರಿಸುವ ಕೆಲಸ ಆಯಿತು. ಅದಕ್ಕಿಂತ ಚುರುಕಾದ ವಿಲನ್ ಇನ್ನೊಬ್ಬ. ಹೀರೋನ ಗಾಯ ಎಲ್ಲಿದೆ ಅಂತ ಕಂಡುಹಿಡಿಯುವವನು. 1988ರ ಅಮೆರಿಕದ ಸಿನಿಮಾ 'ಡೈ ಹಾರ್ಡ್' ಇದೆಯಲ್ಲ, ಅದರಲ್ಲಿ ಪೊಲೀಸ್ ಹೀರೋ ಬ್ರೂಸ್ ವಿಲ್ಲಿಸ್ ಕಾಲಿಗೆ ಶೂ ಇಲ್ಲ. ದೊಡ್ಡ ಕಟ್ಟಡದೊಳಗೆ ಬರಿಗಾಲಲ್ಲಿ ಓಡಾಡುತ್ತಿರುತ್ತಾನೆ. ವಿಲನ್ ಅಲನ್ ರಿಕ್‌ಮನ್. ನಾಟಕದಿಂದ ಬಂದ ನಟ, ಅವರಿಗೆ ಅದು ಮೊದಲನೇ ಸಿನಿಮಾ. ಸೂಟು ಹಾಕಿಕೊಂಡ, ಮೆತ್ತಗೆ ಮಾತಾಡುವ ಮನುಷ್ಯ. ಕೈ ಕೈ ಮಿಲಾಯಿಸಿದರೆ ಅವನು ಎಲ್ಲಿ, ವಿಲ್ಲಿಸ್ ಎಲ್ಲಿ? ಆದರೆ ಒಂದು ಕಡೆ ಇಬ್ಬರೂ ಎದುರಾದಾಗ ಅವನ ಕಣ್ಣು ಆ ಬರಿಗಾಲಿನ ಮೇಲೆ ಬೀಳುತ್ತದೆ. ಸ್ವಲ್ಪ ಹೊತ್ತಿಗೇ ತನ್ನ ಕಡೆಯವರಿಗೆ ಹೇಳುತ್ತಾನೆ, ಗಾಜಿಗೆ ಗುಂಡು ಹೊಡೀರಿ ಅಂತ. ಹೀರೋಗಲ್ಲ, ಗಾಜಿಗೆ! ಆಮೇಲೆ ಆ ಮನುಷ್ಯ ಗಾಜಿನ ಚೂರಿನ ಮೇಲೆ ನಡೆದು, ಪಾದದಿಂದ ಒಂದೊಂದೇ ಚೂರು ಕಿತ್ತುಕೊಳ್ಳುತ್ತಾನೆ. ಎಷ್ಟನೇ ಸಲ ನೋಡಿದರೂ ನಾನು ಕಾಲು ಮೇಲಕ್ಕೆಳೆದುಕೊಳ್ಳುತ್ತೇನೆ.

ಈಗಿನ ಎಷ್ಟೋ ಸಿನಿಮಾಗಳಲ್ಲಿ ನನಗೆ ಬೇಜಾರು ಇದೇ. ಹೀರೋ ಬಂದ ತಕ್ಷಣ ಐವತ್ತು ಜನರನ್ನು ಗಾಳಿಯಲ್ಲಿ ಹಾರಿಸಿಬಿಡುತ್ತಾನೆ. ಕೊನೆಯಲ್ಲಿ ಬರುವ ವಿಲನ್ ಐವತ್ತೊಂದನೆಯವನು, ಅಷ್ಟೇ. ಸುಮ್ನೆ ಮೈ ಬೆಳೆಸಿದ್ದಾನೆ.

ತೂಕದ ಲೆಕ್ಕವನ್ನೇ ತಲೆಕೆಳಗೆ ಮಾಡಿದ್ದು 2012ರ ತೆಲುಗು ಸಿನಿಮಾ 'ಈಗ'. ಅಲ್ಲಿ ಹೀರೋ ಒಂದು ನೊಣ. ವಿಲನ್ ನಮ್ಮ ಸುದೀಪ್. ಕೊಲೆಯಾದ ಹುಡುಗ ನೊಣವಾಗಿ ಹುಟ್ಟಿ ಬಂದು ಸೇಡು ತೀರಿಸಿಕೊಳ್ಳುವ ಕತೆ. ದೊಡ್ಡಪ್ಪನನ್ನು ಬಲವಂತದಿಂದ ಕರೆದುಕೊಂಡು ಹೋಗಿದ್ದೆ. ಆಟೋದಲ್ಲಿ ದಾರಿಯುದ್ದಕ್ಕೂ ಗೊಣಗಾಟ. ನೊಣಕ್ಕೆ ಆರಡಿ ಆಳನ್ನ ಜೋಡಿ ಕಟ್ತಾರೇನೋ, ಒಂದು ಏಟಿಗೆ ಆಟ ಮುಗೀತು ಅಂತ.

ಆದರೆ ಆ ನೊಣ ಹೊಡೆಯೋಕೆ ಹೋಗುವುದೇ ಇಲ್ಲ. ಮೊದಲು ಅವನ ನಿದ್ದೆ ಕೆಡಿಸುತ್ತದೆ. ಕಿವಿ ಹತ್ತಿರ ಗುಂಯ್ ಅಂತ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಹಬೆ ಸ್ನಾನದ ಪೆಟ್ಟಿಗೆಯೊಳಗೆ ಮೈ ಸಿಕ್ಕಿಕೊಂಡು, ತಲೆ ಮಾತ್ರ ಹೊರಗಿದ್ದಾಗ ಮೂತಿಯ ಮೇಲೆ ಬಂದು ಕೂರುತ್ತದೆ. ಕೈ ಎತ್ತೋಕೆ ಆಗಬೇಕಲ್ಲ! ಶೂಟಿಂಗ್ ಮಾಡುವಾಗ ಅಲ್ಲಿ ನೊಣ ಎಲ್ಲಿತ್ತು ಹೇಳಿ? ಅದನ್ನು ಆಮೇಲೆ ಕಂಪ್ಯೂಟರ್‌ನಲ್ಲಿ ಮಾಡಿ ಸೇರಿಸಿದ್ದು. ಸುದೀಪ್ ಖಾಲಿ ಗಾಳಿಗೆ ಹೆದರಬೇಕು, ಖಾಲಿ ಗಾಳಿಯನ್ನು ಕಣ್ಣಲ್ಲೇ ಹಿಂಬಾಲಿಸಬೇಕು. ವಾಪಸ್ ಬರುವಾಗ ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದರು, 'ನೊಣದ ತೂಕ ಎಷ್ಟು ಅಂತ ಆ ಹುಡುಗನ ಮುಖದಲ್ಲಿ ಕಾಣ್ತದೆ ಕಣೋ.'

ಟಿವಿ ಧಾರಾವಾಹಿಯ ಕತೆ ಬೇರೆ. ಅಲ್ಲಿ ವಿಲನ್ ಸೋತರೆ ನಾಳೆ ಕತೆಯೇ ಇಲ್ಲ. ಹಾಗಾಗಿ ಅವಳು, ಸಾಮಾನ್ಯವಾಗಿ ಅವಳೇ, ಸೋಲುವ ಹಾಗೇ ಇಲ್ಲ. ಶುಕ್ರವಾರ ಸಿಕ್ಕಿಬೀಳುತ್ತಾಳೆ, ಸೋಮವಾರ ತಪ್ಪಿಸಿಕೊಳ್ಳುತ್ತಾಳೆ. ಇಡೀ ಮನೆಯಲ್ಲಿ ತಲೆ ಓಡಿಸುವವಳು ಅವಳೊಬ್ಬಳೇ. ಒಳ್ಳೆಯವರೆಲ್ಲಾ ಬಾಗಿಲ ಹತ್ತಿರ ನಿಂತು ಅರ್ಧ ಮಾತು ಕೇಳಿಸಿಕೊಂಡು ಅಳುತ್ತಿರುತ್ತಾರೆ. ದೊಡ್ಡಪ್ಪನ ಪ್ರಕಾರ ಅದು ಜೋಡಿಯೇ ಅಲ್ಲ, ಒಬ್ಬಳೇ ಅಖಾಡದಲ್ಲಿ ಸುತ್ತು ಹಾಕುತ್ತಿದ್ದಾಳೆ.

ದೊಡ್ಡಪ್ಪ ಒಂದೇ ಒಂದು ತಪ್ಪೂ ಹುಡುಕದೆ ಒಪ್ಪಿಕೊಂಡ ಜೋಡಿ 1977ರ 'ಬಭ್ರುವಾಹನ'ದ್ದು. ಅಲ್ಲಿ ವಿಲನ್ನೇ ಇಲ್ಲ. ಅಪ್ಪ ಅರ್ಜುನ, ಮಗ ಬಭ್ರುವಾಹನ, ಎರಡೂ ರಾಜ್‌ಕುಮಾರ್ ಅವರೇ. 'ಯಾರು ತಿಳಿಯರು ನಿನ್ನ' ಹಾಡಿನಲ್ಲಿ ಗಂಟಲು ಮಾತ್ರ ಎರಡು. ಒಂದು ರಾಜ್‌ಕುಮಾರ್ ಅವರದು, ಇನ್ನೊಂದು ಪಿ.ಬಿ. ಶ್ರೀನಿವಾಸ್ ಅವರದು. ರೇಡಿಯೋದಲ್ಲಿ ಆ ಹಾಡು ಬಂದರೆ ದೊಡ್ಡಪ್ಪ ಕುರ್ಚಿಯಲ್ಲಿ ಕೂತಲ್ಲೇ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿ, ಇಬ್ಬರ ಪಾಲನ್ನೂ ತಾವೇ ಹಾಡುತ್ತಿದ್ದರು. ಅಡುಗೆಮನೆಯಿಂದ ದೊಡ್ಡಮ್ಮ ಗದರಿಸಿದಾಗಲೇ ಯುದ್ಧ ನಿಲ್ಲುತ್ತಿದ್ದದ್ದು.